ಫುಟ್ ವಾಲ್ವ್ ಬದಲಿಸಿ ದುಡ್ಡು ಕಳೆದೆ, ಸೋರಿಕೆ ಇದ್ದದ್ದು ಹಿಂದಿನ ಚಕ್ರದ ಬ್ರೇಕಿನಲ್ಲಿ!

ಕಳೆದ ಮಳೆಗಾಲ ಪೂರ್ತಿ ನನ್ನ ಆರು ಚಕ್ರದ ಲಾರಿ ತಲೆ ತಿಂದಿತು. ಬ್ರೇಕ್ ಪೆಡಲ್ ಕೆಳಗೆ, ಕಾಲು ಒತ್ತಿದಾಗ ಬ್ರೇಕಿಗೆ ಗಾಳಿ ಬಿಡುವ ಫುಟ್ ವಾಲ್ವ್‌ನ ಎಕ್ಸಾಸ್ಟ್‌ನಿಂದ, ಅಂದರೆ ಗಾಳಿ ಹೊರಬಿಡುವ ಬಾಯಿಂದ, ಸದಾ ಸುಯ್ ಅಂತ ಗಾಳಿ. ಟೋಲ್ ಸಾಲಿನಲ್ಲಿ ಐಡ್ಲಿಂಗ್‌ನಲ್ಲಿ ನಿಂತರೆ ಸಾಕು, 7ರ ಆಸುಪಾಸಿನಲ್ಲಿದ್ದ ಗಾಳಿ ಒತ್ತಡದ ಮುಳ್ಳು 5ರ ಹತ್ತಿರ ಬಂದು ಬಜರ್ ಕೂಗುತ್ತಿತ್ತು. ಶಿರಾಡಿ ಘಾಟ್ ಇಳಿಯುವಾಗಲೂ ಒಮ್ಮೆ ಕೂಗಿತು. ಅವತ್ತಿನ ಬೆವರು ನನಗೇ ಗೊತ್ತು.

ಮೊದಲು ವಾಲ್ವ್ ಕಿಟ್, ಒಂದೂವರೆ ಸಾವಿರ. ಆಮೇಲೆ ಹೊಸ ವಾಲ್ವೇ ಹಾಕಿಸಿದೆ, ಏಳು ಸಾವಿರದ ಹತ್ತಿರ. ಸುಯ್ ಹಾಗೇ ಇತ್ತು. ಗಾಳಿ ಟ್ಯಾಂಕ್ ಡ್ರೈನ್ ಮಾಡಿದಾಗ ನೀರಿನ ಜೊತೆ ಕಪ್ಪು ಆಯಿಲ್ ಬಂತು. ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಹೋಗಿದೆ ಅಂದರು ಗ್ಯಾರೇಜಿನವರು. ಹೆಡ್, ರಿಂಗು ಅಂತ ಹತ್ತು ಹನ್ನೊಂದು ಸಾವಿರ ಅಲ್ಲೂ ಹೋಯಿತು. ಗಾಳಿ ಸೋರುತ್ತಿದ್ದುದರಿಂದ ಪಾಪ ಕಂಪ್ರೆಸರ್ ಬಿಡುವಿಲ್ಲದೆ ದುಡಿದು, ಕಾದು, ಆಯಿಲ್ ಉಗುಳುತ್ತಿತ್ತು ಅಷ್ಟೇ. ಎರಡು ಲೋಡೂ ತಪ್ಪಿತು, ಒಟ್ಟು ಮೂವತ್ತು ಸಾವಿರ ಮುಳುಗಿರಬೇಕು.

ಒಂದು ರಾತ್ರಿ ಘಾಟ್ ಬುಡದ ಗುಂಡ್ಯದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮುಳ್ಳು 7ರ ಆಸುಪಾಸಿನಲ್ಲೇ ಇದೆ! ವಾಲ್ವ್ ಸೋರುತ್ತಿದ್ದರೆ ರಾತ್ರಿಯೆಲ್ಲಾ ಸೋರಿ ಟ್ಯಾಂಕ್ ಖಾಲಿ ಆಗಬೇಕಿತ್ತು, ಅಲ್ವಾ? ಹ್ಯಾಂಡ್ ಬ್ರೇಕ್ ಬಿಟ್ಟೆ, ಸುಯ್. ಎಳೆದೆ, ಸದ್ದಿಲ್ಲ. ನಾಲ್ಕೈದು ಸಲ ಮಾಡಿದೆ, ಅದೇ ಕಥೆ.

ಹಿಂದಿನ ಚಕ್ರದ ಬ್ರೇಕ್ ಒತ್ತುವ ಡಬ್ಬಿಯೇ ಆಕ್ಚುಯೇಟರ್, ಒಳಗೆ ಎರಡು ಭಾಗ: ಒಂದು ಕಾಲು ಬ್ರೇಕಿಗೆ, ಇನ್ನೊಂದು ಹ್ಯಾಂಡ್ ಬ್ರೇಕಿನ ಸ್ಪ್ರಿಂಗ್‌ಗೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ತಾನೇ ಸ್ಪ್ರಿಂಗ್ ಭಾಗಕ್ಕೆ ಗಾಳಿ ಹೋಗಿ ಸ್ಪ್ರಿಂಗನ್ನು ಅದುಮೋದು. ನಡುವಿನ ಗೋಡೆಯಲ್ಲಿ ರಾಡ್ ಸುತ್ತ ಇರುವ ಸೀಲ್ ಹೋಗಿದ್ದರೆ ಆ ಗಾಳಿ ಕಾಲು ಬ್ರೇಕಿನ ಭಾಗಕ್ಕೆ ನುಗ್ಗಿ, ಅದೇ ಪೈಪಿನಲ್ಲಿ ವಾಪಸ್ ಬಂದು ಫುಟ್ ವಾಲ್ವ್ ಬಾಯಲ್ಲಿ ಹೊರಬೀಳುತ್ತೆ. ಹಿಂದಿನ ಬ್ರೇಕಿಗೆಂದೇ ಗಾಳಿ ಬಿಡುವ ರಿಲೇ ವಾಲ್ವ್ ಇರುವ ಗಾಡಿಯಾದರೆ ಅದರ ಬಾಯಲ್ಲಿ. ನೆಗಡಿಗೆ ಮೂಗನ್ನೇ ಬದಲಿಸಿದ ಹಾಗಾಗಿತ್ತು ನಮ್ಮ ಕೆಲಸ.

ಗ್ಯಾರೇಜಿನಲ್ಲಿ ಹೇಳಿದರೆ ನಕ್ಕರು. "ಅಣ್ಣಾ, ನೀವು ಸ್ಟೇರಿಂಗ್ ಹಿಡೀರಿ, ಸ್ಪ್ಯಾನರ್ ನಮಗೆ ಬಿಡಿ."

ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಳಿ ತುಂಬಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಎರಡೂ ಆಕ್ಚುಯೇಟರ್‌ಗಳ ಕಾಲು ಬ್ರೇಕಿನ ಪೈಪ್ ಬಿಚ್ಚಿದೆ. ಬಲಗಡೆ ಸುಮ್ನಿತ್ತು. ಎಡಗಡೆ ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ಬೆರಳನ್ನೇ ತಳ್ಳಿತು. ಪೈಪ್ ಬಿಚ್ಚದೆಯೇ ಎಡವೋ ಬಲವೋ ಹೇಳೋ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ನಡುವೆ ಸೋಪು ನೀರಿನ ಪ್ರಯೋಗವೂ ಆಗಿತ್ತು. ಬಟ್ಟೆ ಪೌಡರ್‌ಗಿಂತ ಒಂದು ರೂಪಾಯಿ ಶಾಂಪೂ ವಾಸಿ, ಗುಳ್ಳೆ ಜಾಸ್ತಿ ಹೊತ್ತು ನಿಲ್ಲುತ್ತೆ. ಆದರೆ ಒಳಗಿನ ಸೋರಿಕೆಗೆ ಅದು ದಂಡ.

ಆಕ್ಚುಯೇಟರ್ ಒಳಗೆ ಕೈ ಹಾಕಲಿಲ್ಲ. ಆ ಸ್ಪ್ರಿಂಗ್ ಸಿಡಿದರೆ ತಲೆ ಉಳಿಯಲ್ಲ. ಬೋಲ್ಟ್ ಹಾಕಿ ಸ್ಪ್ರಿಂಗ್ ಬಂಧಿಸಿ, ಪೂರ್ತಿ ಇಳಿಸಿ, ಹೊಸದು ಕೂರಿಸಿದೆ. ನಾಲ್ಕು ಸಾವಿರ ಚಿಲ್ಲರೆ. ಬ್ರೇಕಿನ ಸಡಿಲ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸರಿಮಾಡಿ ಸ್ಟಾರ್ಟ್ ಮಾಡಿದೆ. ಮುಳ್ಳು 8ಕ್ಕೆ ಬಂತು, ಟ್ಯಾಂಕ್ ತುಂಬಿದಾಗ ಹೆಚ್ಚಿನ ಗಾಳಿ ಹೊರಬಿಡುವ ಅನ್‌ಲೋಡರ್ "ಪುಸ್" ಅಂತು. ಆ ಸದ್ದು ಕೇಳಿ ಎಷ್ಟೋ ತಿಂಗಳಾಗಿತ್ತು. ಅದು ನಿಂತುಹೋಗಿದ್ದನ್ನು ಗ್ಯಾರೇಜಿನವರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ.