ಬೇಸ್ ಗಿಟಾರ್‌ಗೆ ಓವರ್‌ಡ್ರೈವ್: ಒರಟುತನ ಬರಲಿ, ಮಂದ್ರವೂ ಉಳಿಯಲಿ

ಒಬ್ಬರೇ ಕೂತು ನುಡಿಸುವಾಗ ಕೋಣೆ ನಡುಗಿಸುವ ಓವರ್‌ಡ್ರೈವ್ ಪೆಡಲ್ (ಬೇಸ್‌ನ ದನಿಯನ್ನು ಒರಟಾಗಿಸುವ, ಕಾಲಿನಿಂದ ತುಳಿಯುವ ಪೆಟ್ಟಿಗೆ), ಡ್ರಮ್ಸ್ ಮತ್ತು ಗಿಟಾರ್ ಸೇರಿದ ಕೂಡಲೇ ಎಲ್ಲೋ ಮಾಯವಾಗುತ್ತದೆ. ಪೆಡಲ್ ತುಳಿದರೆ ಸದ್ದು ಜೋರಾಗುವ ಬದಲು ಬ್ಯಾಂಡಿನ ಬುಡವೇ ಕಳಚಿಬೀಳುತ್ತದೆ. ದುಬಾರಿ ಪೆಡಲ್ ಕೊಂಡರೂ ಇದು ಸರಿಹೋಗುವುದಿಲ್ಲ. ಮಂದ್ರವನ್ನು ಒಂದು ದಾರಿಯಲ್ಲಿ, ಒರಟುತನವನ್ನು ಇನ್ನೊಂದು ದಾರಿಯಲ್ಲಿ ಕಳಿಸಿ ಕೊನೆಗೆ ಬೆರೆಸಬೇಕು. ಮಿಕ್ಕ ಕೆಲಸವೆಲ್ಲ ಇದರ ಸುತ್ತಲೇ ಇದೆ.

ಬೇಸ್‌ನ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಮೂಲ ಕಂಪನ 41.2 ಹರ್ಟ್ಸ್. ಗಿಟಾರ್‌ನ ದಪ್ಪ ಇ ತಂತಿಯದು ಅದರ ಎರಡರಷ್ಟು, 82.4. ಗಿಟಾರ್‌ಗೆಂದು ಮಾಡಿದ ಓವರ್‌ಡ್ರೈವ್‌ಗಳು ಮಂದ್ರವನ್ನು ಬೇಕೆಂದೇ ಹಿಂದಿಡುತ್ತವೆ. ಐಬಾನೆಝ್ ಟ್ಯೂಬ್ ಸ್ಕ್ರೀಮರ್‌ನ ಸರ್ಕ್ಯೂಟಿನಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಹೋದಷ್ಟೂ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಇಳಿಯುತ್ತದೆ. ಗಿಟಾರ್‌ಗೆ ಅದು ಚಂದ. ಬೇಸ್‌ಗೆ ಹಾಕಿದರೆ ಮೇಲಿನ ಸ್ವರಾಂಶಗಳು ಮುಂದೆ ಬಂದು ಬುಡ ಹಿಂದೆ ಉಳಿಯುತ್ತದೆ. ಹಾಗೆಂದು ಮಂದ್ರವನ್ನೂ ಪೂರ್ತಿಯಾಗಿ ಡಿಸ್ಟಾರ್ಷನ್ನಿಗೆ (ಅಲೆಯ ತುದಿ ಕತ್ತರಿಸಿ ಒರಟಾಗಿಸುವುದಕ್ಕೆ) ಬಿಟ್ಟರೆ ಬೇರೆಯೇ ತೊಂದರೆ. ಸಿಗ್ನಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಅಲೆ ಮಂದ್ರದ್ದೇ. ಅದು ಪ್ರತಿ ಸಲ ಮಿತಿಗೆ ಬಡಿದಾಗಲೂ ಮೇಲಿನ ಸ್ವರಾಂಶಗಳು ತುಂಡಾಗುತ್ತವೆ, ಹರಿದ ಸ್ಪೀಕರಿನ ಹಾಗೆ 'ಪರ್ರ್' ಎಂಬ ಸದ್ದು ಬರುತ್ತದೆ. ಎರಡು ತಂತಿ ಒಟ್ಟಿಗೆ ಮೀಟಿದರಂತೂ ಬರೀ ಕೆಸರು.

ಪೆಡಲಿಗಿಂತ ಮೊದಲು ತಂತಿ

ತಿಂಗಳುಗಟ್ಟಲೆ ಬೆವರು ಕುಡಿದ ತಂತಿಯಲ್ಲಿ ಮೇಲಿನ ಸ್ವರಾಂಶಗಳೇ ಉಳಿದಿರುವುದಿಲ್ಲ. ಇಲ್ಲದ್ದನ್ನು ಓವರ್‌ಡ್ರೈವ್ ಎತ್ತಿ ತೋರಿಸಲಾರದು. ಆಗ ಗೇನ್ ಏರಿಸುತ್ತಾ ಹೋಗಿ ಸದ್ದು ಇನ್ನಷ್ಟು ಮಬ್ಬಾಗುತ್ತದೆ. ರಾಕ್‌ಗೆ 45-65-80-105 ಅಳತೆಯ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ) ರೌಂಡ್‌ವೌಂಡ್, ಅಂದರೆ ಗುಂಡು ಎಳೆ ಸುತ್ತಿದ, ತಂತಿಗಳು ಒಳ್ಳೆಯ ಆರಂಭ. ರೋಟೋಸೌಂಡ್ ಕಂಪನಿಯ ರೌಂಡ್‌ವೌಂಡ್ ತಂತಿಗಳು 1960ರ ದಶಕದಲ್ಲಿ ರೂಪುಗೊಂಡದ್ದೇ ದಿ ಹೂ ಬ್ಯಾಂಡಿನ ಜಾನ್ ಎಂಟ್ವಿಸಲ್ ಅವರ ಜೊತೆಗೂಡಿ. ಪಿಯಾನೋದ ಹಾಗೆ ಕಣಕಣ ಎನ್ನುವ ಆ ಹೊಳಪೇ ಒರಟು ದನಿಗೆ ಕಚ್ಚಾ ಸಾಮಗ್ರಿ. ಮಂಗಳೂರು, ಉಡುಪಿಯಂಥ ಕರಾವಳಿ ಊರುಗಳಲ್ಲಿ ತಂತಿ ಬೇಗ ಮಂಕಾಗುತ್ತದೆ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ಪ್ರತಿ ತಂತಿಯ ಮೇಲೂ ಕೆಳಗೂ ಒರೆಸಿಡಿ.

ತಂತಿಯ ಕಂಪನ ಹಿಡಿಯುವ ಪಿಕಪ್‌ನ ಎತ್ತರವನ್ನೂ ನೋಡಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿಹಿಡಿದು ಪಿಕಪ್‌ನಿಂದ ತಂತಿಯ ತಳಕ್ಕೆ ಇರುವ ಅಂತರ ಅಳೆಯಿರಿ. ಇ ಕಡೆ ಸುಮಾರು 3 ಮಿ.ಮೀ., ಜಿ ಕಡೆ ಸುಮಾರು 2.5 ಮಿ.ಮೀ. ಇಟ್ಟು ಶುರುಮಾಡಿ. ತೀರಾ ಹತ್ತಿರವಾದರೆ ಇ ತಂತಿ ಒಂದೇ ಪೆಡಲನ್ನು ಬಡಿದೆಬ್ಬಿಸುತ್ತದೆ, ಜಿ ತಂತಿ ಸಪ್ಪೆಯಾಗುತ್ತದೆ. ಆಕ್ಟಿವ್ ಬೇಸ್ (ಒಳಗೇ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವ ಬೇಸ್) ಆದರೆ ಕೇಬಲ್ ಚುಚ್ಚಿರುವಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಬ್ಯಾಟರಿ ಸೋತಾಗ ಬರುವ ಕರ್ಕಶ ಸದ್ದನ್ನು ಪೆಡಲಿನ ದೋಷವೆಂದು ತಿಳಿಯುವವರು ಬಹಳ.

ಪೆಡಲುಗಳ ಸಾಲು

ಬೇಸ್‌ನಿಂದ ಹೊರಟ ಕೇಬಲ್ ಮೊದಲು ಟ್ಯೂನರಿಗೆ, ಅಲ್ಲಿಂದ ಜೋರು-ಮೆಲು ಸದ್ದಿನ ಅಂತರ ತಗ್ಗಿಸುವ ಕಂಪ್ರೆಸರಿಗೆ, ಆಮೇಲೆ ಓವರ್‌ಡ್ರೈವಿಗೆ, ಕೊನೆಗೆ ಮಂದ್ರ-ತಾರಗಳ ಮಟ್ಟ ಹೊಂದಿಸುವ ಇಕ್ವಲೈಸರಿಗೆ. ಕೋರಸ್, ಡಿಲೇ ಇದ್ದರೆ ಓವರ್‌ಡ್ರೈವಿನ ನಂತರ. ಹಳೆಯ ಮಾದರಿಯ ಫಜ್ (ಓವರ್‌ಡ್ರೈವಿಗಿಂತ ಇನ್ನೂ ಒರಟು ದನಿಯ ಪೆಡಲ್) ಇದ್ದರೆ ಅದನ್ನು ಟ್ಯೂನರಿಗೂ ಮುಂಚೆ ಇಡಿ. ಎಷ್ಟೋ ಫಜ್‌ಗಳು ನೇರ ಪಿಕಪ್ಪಿಗೆ ಅಂಟಿಕೊಂಡಾಗಷ್ಟೇ ಸರಿಯಾಗಿ ಹಾಡುತ್ತವೆ, ನಡುವೆ ಬಫರ್ (ಸಿಗ್ನಲನ್ನು ಗಟ್ಟಿಗೊಳಿಸಿ ಕಳಿಸುವ ಸರ್ಕ್ಯೂಟ್) ಬಂದರೆ ಕೀರಲಾಗುತ್ತವೆ.

ಕಂಪ್ರೆಸರನ್ನು ಓವರ್‌ಡ್ರೈವಿನ ಮುಂದಿಟ್ಟರೆ ಜೋರಾಗಿ ಮೀಟಿದ ಸ್ವರಕ್ಕೂ ಮೆಲ್ಲಗೆ ಮೀಟಿದ್ದಕ್ಕೂ ಒರಟುತನ ಒಂದೇ ಹದದಲ್ಲಿ ಬರುತ್ತದೆ. ಅನುಪಾತ 4:1, ಅಟ್ಯಾಕ್ (ಕಂಪ್ರೆಸರ್ ಎಚ್ಚೆತ್ತುಕೊಳ್ಳುವ ಸಮಯ) 20ರಿಂದ 30 ಮಿಲಿಸೆಕೆಂಡ್, ಜೋರು ಸ್ವರದಲ್ಲಿ 3ರಿಂದ 6 ಡೆಸಿಬಲ್ ಇಳಿತ ಸಾಕು. ಅಟ್ಯಾಕ್ ಅದಕ್ಕಿಂತ ಚುರುಕಾದರೆ ಬೆರಳು ತಂತಿಗೆ ತಾಕುವ ಆ ಮೊದಲ ಏಟೇ ಸತ್ತುಹೋಗುತ್ತದೆ.

ಓವರ್‌ಡ್ರೈವ್ ಆಯುವಾಗ ಶುದ್ಧ ಸಿಗ್ನಲ್ ಬೆರೆಸುವ ಗುಬುಟು ಇದೆಯೇ ಎಂದು ಮೊದಲು ನೋಡಿ. ಬಾಸ್ ಕಂಪನಿಯ ಒಡಿಬಿ-3ರಲ್ಲಿ ಅದರ ಹೆಸರು ಬ್ಯಾಲೆನ್ಸ್. ಟೆಕ್ 21 ಸಾನ್ಸ್‌ಆಂಪ್ ಬೇಸ್ ಡ್ರೈವರ್ ಮತ್ತು ಡಾರ್ಕ್‌ಗ್ಲಾಸ್ ಬಿ3ಕೆಯಲ್ಲಿ ಬ್ಲೆಂಡ್. ಎಲೆಕ್ಟ್ರೋ-ಹಾರ್ಮೋನಿಕ್ಸ್ ಬೇಸ್ ಬಿಗ್ ಮಫ್‌ನಲ್ಲಿ ಡ್ರೈ ಎಂಬ ಸ್ವಿಚ್. ಗಿಟಾರ್ ಪೆಡಲೇ ಇಷ್ಟವಾದರೆ ಬಾಸ್ ಎಲ್ಎಸ್-2ರಂಥ ಲೈನ್ ಸೆಲೆಕ್ಟರ್ ಮೂಲಕ ಎರಡು ದಾರಿ ಮಾಡಿಕೊಳ್ಳಬಹುದು.

ಹದ ಹಾಕುವ ಕ್ರಮ

1. ಬ್ಲೆಂಡ್ ಪೂರ್ತಿ ಒರಟು ಕಡೆಗೆ, ಗೇನ್ ಸೊನ್ನೆಗೆ. ಪೆಡಲ್ ತುಳಿದಾಗಲೂ ಬಿಟ್ಟಾಗಲೂ ಸದ್ದಿನ ಮಟ್ಟ ಒಂದೇ ಇರುವಂತೆ ಲೆವೆಲ್ ಹೊಂದಿಸಿ. ಇದನ್ನು ಬಿಟ್ಟರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

2. ಗೇನ್ ಮೆಲ್ಲಗೆ ಏರಿಸಿ. ಮೃದುವಾಗಿ ಮೀಟಿದರೆ ಶುದ್ಧ, ಬಲವಾಗಿ ಮೀಟಿದರೆ ಗುರ್ರೆನ್ನುವ ಜಾಗದಲ್ಲಿ ನಿಲ್ಲಿಸಿ. ಗೇನ್ ಏರಿದಂತೆ ಸದ್ದೂ ಏರುವುದರಿಂದ ಲೆವೆಲ್ ಮತ್ತೆ ತಗ್ಗಿಸಿ.

3. ಬ್ಲೆಂಡನ್ನು ಪೂರ್ತಿ ಶುದ್ಧಕ್ಕೆ ತಿರುಗಿಸಿ, ಇ ತಂತಿ ಮೀಟುತ್ತಾ ನಡುವಿಗೆ ತನ್ನಿ. ನಡುವೆ ಬರುತ್ತಲೇ ಮಂದ್ರ ಕುಸಿದರೆ ಎರಡು ದಾರಿಗಳ ಅಲೆಗಳು ಒಂದಕ್ಕೊಂದು ತಲೆಕೆಳಗಾಗಿವೆ ಎಂದರ್ಥ. ಪ್ರತ್ಯೇಕ ಬ್ಲೆಂಡರ್ ಬಳಸುವವರಿಗೆ ಇದು ಆಗಾಗ ಎದುರಾಗುತ್ತದೆ. ಅಲೆಯನ್ನು ತಿರುಗಿಸುವ ಫೇಸ್ ಸ್ವಿಚ್ ಇರುವ ಬ್ಲೆಂಡರ್ ಇದಕ್ಕೆ ಪರಿಹಾರ, ಇಕ್ವಲೈಸರಿನಿಂದ ಎಷ್ಟು ಏರಿಸಿದರೂ ಆ ಮಂದ್ರ ಮರಳುವುದಿಲ್ಲ. ಒಂದು ದಾರಿಯಲ್ಲಿ ಮಾತ್ರ ಡಿಜಿಟಲ್ ಪೆಡಲ್ ಇದ್ದರೂ ಕೆಲವು ಮಿಲಿಸೆಕೆಂಡುಗಳ ತಡದಿಂದ ಸದ್ದು ಪೊಳ್ಳಾಗುತ್ತದೆ.

4. ಈಗ ಡ್ರಮ್ಸ್ ಜೊತೆ ನುಡಿಸಿ. ಒಂಟಿಯಾಗಿ ಕೇಳಿ ಇಟ್ಟ ಗೇನ್ ಬ್ಯಾಂಡಿನಲ್ಲಿ ಹೆಚ್ಚಾಗಿಯೇ ಇರುತ್ತದೆ, ಅಲ್ಲಿಂದ ಸ್ವಲ್ಪ ಇಳಿಸಿ. ಸ್ವರ ಸ್ಪಷ್ಟವಾಗಿ ಕೇಳದಿದ್ದರೆ ಮಂದ್ರ ಏರಿಸುವ ಬದಲು 700-800 ಹರ್ಟ್ಸ್ ಸುತ್ತ 2-3 ಡೆಸಿಬಲ್ ಏರಿಸಿ ನೋಡಿ.

ಕೇಳುವಾಗ ಆಂಪ್ಲಿಫೈಯರಿಗೆ ಅಂಟಿಕೊಂಡು ನಿಲ್ಲಬೇಡಿ. 41 ಹರ್ಟ್ಸ್ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಕೋಣೆಯ ಮೂಲೆಯಲ್ಲಿ ಉಬ್ಬಿ ಕೇಳುವ ಸ್ವರ ನಡುವೆ ಬಂದರೆ ಬಡಕಲಾಗುತ್ತದೆ, ಆದ್ದರಿಂದ ಉದ್ದ ಕೇಬಲ್ ಹಾಕಿಕೊಂಡು ನಡೆದಾಡುತ್ತಾ ಕೇಳಿ. ಸ್ಪೀಕರ್ ಕ್ಯಾಬಿನೆಟ್ಟಿನಲ್ಲಿ ಟ್ವೀಟರ್ (ತಾರ ಸದ್ದಿನ ಪುಟ್ಟ ಸ್ಪೀಕರ್) ಇದ್ದರೆ ತಗ್ಗಿಸಿ ಅಥವಾ ಆರಿಸಿಬಿಡಿ. ಡಿಸ್ಟಾರ್ಷನ್ ಹುಟ್ಟಿಸುವ ಜೇನುನೊಣದಂಥ ಗುಂಯ್ ಸದ್ದು ಬಹುಪಾಲು ಅಲ್ಲಿಂದಲೇ ಬರುತ್ತದೆ.

ನಿಮ್ಮ ಬ್ಯಾಂಡಿನಲ್ಲಿ ಜಾಗ ಎಷ್ಟಿದೆ?

ಮೋಟರ್‌ಹೆಡ್‌ನ ಲೆಮ್ಮಿ ರಿಕನ್‌ಬ್ಯಾಕರ್ ಬೇಸನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಚುಚ್ಚಿ, ಮಿಡ್ ಪೂರ್ತಿ ಏರಿಸಿ, ಬೇಸ್-ಟ್ರೆಬಲ್ ಇಳಿಸಿ, ಪಿಕ್‌ನಿಂದ ಬಡಿಯುತ್ತಿದ್ದರು. ರಿದಮ್ ಗಿಟಾರಿನ ಜಾಗವನ್ನೇ ತುಂಬುವ ಆಟ ಅದು. ಮೂವರ ಬ್ಯಾಂಡ್ ಮ್ಯೂಸ್‌ನಲ್ಲಿ ಕ್ರಿಸ್ ವುಲ್ಸ್ಟನ್‌ಹೋಮ್ ಬಿಗ್ ಮಫ್ ಫಜ್‌ಗೆ ಶುದ್ಧ ಸಿಗ್ನಲ್ ಬೆರೆಸುತ್ತಾರೆ. ಗಿಟಾರ್ ಸೋಲೋಗೆ ಹೋದರೂ ಕೆಳಗೆ ಗೋಡೆ ನಿಂತೇ ಇರುತ್ತದೆ. ಐರನ್ ಮೇಡನ್‌ನಲ್ಲಿ 1999ರಿಂದ ಮೂರು ಗಿಟಾರ್‌ಗಳಿವೆ. ಅಲ್ಲಿ ಸ್ಟೀವ್ ಹ್ಯಾರಿಸ್ ಪ್ರೆಸಿಷನ್ ಬೇಸ್‌ಗೆ ಚಪ್ಪಟೆ ಪಟ್ಟಿ ಸುತ್ತಿದ ದಪ್ಪ ಫ್ಲಾಟ್‌ವೌಂಡ್ ತಂತಿ ಹಾಕಿ, ಬೆರಳಿನಿಂದಲೇ ಫ್ರೆಟ್ಟಿಗೆ ಬಡಿಯುವಂತೆ ಮೀಟುತ್ತಾರೆ. ಕುದುರೆ ಓಟದಂಥ ಆ ಟಕಟಕ ಕೈಯಿಂದ ಹುಟ್ಟುವಂಥದ್ದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಭಾರತದ ಮೊದಲ ಕಛೇರಿ ನಡೆದಾಗಲೂ ಅದೇ ಮೂರು ಗಿಟಾರ್‌ಗಳ ಸಾಲಿತ್ತು. ನಿಮ್ಮಲ್ಲೂ ಎರಡು-ಮೂರು ಡಿಸ್ಟಾರ್ಷನ್ ಗಿಟಾರ್ ಇದ್ದರೆ ಮೊದಲು ಈ ಹಾದಿ ಹಿಡಿಯಿರಿ: ಹೊಸ ತಂತಿ, ಗಟ್ಟಿ ಕೈ, ಗೇನ್ ಅತಿ ಕಡಿಮೆ.

ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇದೆಲ್ಲ ಇನ್ನೂ ಸುಲಭ. ಶುದ್ಧ ಟ್ರ್ಯಾಕನ್ನು ನಕಲು ಮಾಡಿ. ಮೊದಲನೆಯದರಲ್ಲಿ 250 ಹರ್ಟ್ಸ್‌ಗಿಂತ ಮೇಲಿನದನ್ನು, ನಕಲಿನಲ್ಲಿ ಅದಕ್ಕಿಂತ ಕೆಳಗಿನದನ್ನು ಕತ್ತರಿಸಿ, ನಕಲಿಗೆ ಮಾತ್ರ ಡಿಸ್ಟಾರ್ಷನ್ ಹಾಕಿ. ಅದನ್ನು ಒಮ್ಮೆ ಫೇಸ್ ತಿರುಗಿಸಿ ಕೇಳಿ, ಮಂದ್ರ ತುಂಬಿ ಬರುವ ಸ್ಥಿತಿಯನ್ನು ಉಳಿಸಿಕೊಳ್ಳಿ.

ಕೈಕೊಡುವ ಜಾಗಗಳು

ಪೆಡಲ್ ಹಾಕಿದಾಗ ಕೀಂಯ್ ಎಂಬ ಸಣ್ಣ ಶಿಳ್ಳೆ ಕೇಳಿದರೆ, ಒಂದೇ ಅಡಾಪ್ಟರಿನಿಂದ ಡಿಜಿಟಲ್ ಪೆಡಲಿಗೂ ಓವರ್‌ಡ್ರೈವಿಗೂ ಕವಲು ತಂತಿಯಲ್ಲಿ ವಿದ್ಯುತ್ ಕೊಟ್ಟಿರಬಹುದು. ಪ್ರತ್ಯೇಕ ಔಟ್‌ಪುಟ್‌ಗಳ ಪವರ್ ಸಪ್ಲೈ ಬಳಸಿ. ಬಹುತೇಕ ಪೆಡಲುಗಳಿಗೆ 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಕೆಲವು ಹಳೇ ಫಜ್‌ಗಳಲ್ಲಿ ಇದು ಉಲ್ಟಾ ಇರುತ್ತದೆ, ಪೆಡಲಿನ ಮೇಲಿನ ಗುರುತು ನೋಡದೆ ಚುಚ್ಚಬೇಡಿ. ವೇದಿಕೆಯಲ್ಲಿ ಡಿಐ (ಬೇಸ್‌ನ ಸಿಗ್ನಲನ್ನು ಮಿಕ್ಸರಿಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಮೂಲಕ ಮಿಕ್ಸರಿಗೆ ಹೋದಾಗ ಮಾತ್ರ ಹಮ್ ಬಂದರೆ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು ಪ್ರಾಣಕ್ಕೆ ಅಪಾಯ. ಸೌಂಡ್ ಎಂಜಿನಿಯರಿಗೆ ಪೆಡಲುಗಳ ಮುಂಚಿನ ಶುದ್ಧ ಸಿಗ್ನಲ್ ಮಾತ್ರ ಹೋಗುತ್ತಿದ್ದರೆ ನಿಮ್ಮ ಶ್ರಮವೆಲ್ಲ ನಿಮಗಷ್ಟೇ ಕೇಳುತ್ತದೆ, ಆದ್ದರಿಂದ ಡಿಐ ಸಾಲಿನ ಕೊನೆಯಲ್ಲಿರಲಿ. ಅಭ್ಯಾಸದ ಕೋಣೆಯಲ್ಲಿ ಬೇಸ್ ಆಂಪ್ಲಿಫೈಯರ್ ಸಿಗಲಿಲ್ಲವೆಂದು ಗಿಟಾರ್ ಆಂಪ್ಲಿಫೈಯರಿಗೆ ಚುಚ್ಚಿದರೆ ದನಿ ತಗ್ಗಿಸಿಯೇ ನುಡಿಸಿ. ಮಂದ್ರಕ್ಕೆ ಬೇಕಾದಷ್ಟು ದೂರ ಆ ಸ್ಪೀಕರಿನ ಕೋನ್ ಚಲಿಸಲಾರದು, ಜೋರು ಮಾಡಿದರೆ ಕೋನನ್ನು ಅಲುಗಿಸುವ ವಾಯ್ಸ್ ಕಾಯಿಲ್ ಕೆಡಬಹುದು.