ತರಕಾರಿ ಒಳ್ಳೆಯದು ಅಂತ ಗೊತ್ತು, ದಿನಕ್ಕೆ ಎಷ್ಟು ಅಂತ ಗೊತ್ತಾ?

ಹಣ್ಣು, ತರಕಾರಿ ಆರೋಗ್ಯಕ್ಕೆ ಒಳ್ಳೆಯದು ಅಲ್ವಾ ಎಂದು ಯಾರನ್ನೇ ಕೇಳಿ, ಹೌದು ಎನ್ನುತ್ತಾರೆ. ದಿನಕ್ಕೆ ಎಷ್ಟು ತಿನ್ನಬೇಕು ಎಂದು ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಊಟದ ಹೊತ್ತಿಗೆ ಕೆಲಸಕ್ಕೆ ಬರುವುದು ಈ ಎರಡನೇ ಪ್ರಶ್ನೆಯ ಉತ್ತರ.

ತಿಳಿವಳಿಕೆಗೂ ತಿನ್ನುವುದಕ್ಕೂ ನಂಟು ಇದೆ. ಇಂಗ್ಲೆಂಡಿನ ವಯಸ್ಕರ ಮೇಲೆ ನಡೆದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಪೋಷಣೆಯ ಬಗ್ಗೆ ಚೆನ್ನಾಗಿ ತಿಳಿದಿದ್ದವರು ಹಣ್ಣು, ತರಕಾರಿ, ಕೊಬ್ಬಿನ ಸಲಹೆಗಳನ್ನು ಪಾಲಿಸುವ ಸಾಧ್ಯತೆ, ತೀರಾ ಕಡಿಮೆ ತಿಳಿದವರಿಗಿಂತ ಬಹಳ ಹೆಚ್ಚಿತ್ತು. ವಯಸ್ಸು, ಓದು ಇತ್ಯಾದಿ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿಯಿತು. ಆದರೆ 2014ರಲ್ಲಿ ಇಂಥ 29 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹೆಚ್ಚಿನವುಗಳಲ್ಲಿ ನಂಟು ಕಂಡರೂ ಅದು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ತಿಳಿದದ್ದು ತಟ್ಟೆಗೆ ಬರಬೇಕಾದರೆ ನಡುವೆ ಇನ್ನೂ ಕೆಲಸವಿದೆ. ಆ ಕೆಲಸವನ್ನು ಹೀಗೆ ಮಾಡಬಹುದು.

ಹಂತ 1: ಅಳತೆ ಕಲಿಯಿರಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹಣ್ಣು, ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ. ಅಂದರೆ 80 ಗ್ರಾಂನ ಐದು ಪಾಲು. ಮಧ್ಯಮ ಗಾತ್ರದ ಒಂದು ಸೇಬು, ಒಂದು ಬಾಳೆಹಣ್ಣು ಅಥವಾ ಒಂದು ಕಿತ್ತಳೆ ಒಂದು ಪಾಲು. ಬೇಯಿಸಿದ ತರಕಾರಿಯಾದರೆ ಸುಮಾರು ಮೂರು ದೊಡ್ಡ ಚಮಚ, ತುಂಬಿ ತುಳುಕುವಷ್ಟು.

ಮನೆಯಲ್ಲಿ ತೂಕದ ಯಂತ್ರವಿದ್ದರೆ ಒಮ್ಮೆ ತೂಗಿ ನೋಡಿ. ಬೇಯಿಸಿದ ಕ್ಯಾರೆಟ್ 80 ಗ್ರಾಂ ಎಷ್ಟಾಗುತ್ತದೆ, ಹಸಿ ಸೊಪ್ಪು 80 ಗ್ರಾಂ ಎಷ್ಟಾಗುತ್ತದೆ ಅಂತ. ಸೊಪ್ಪು ಬಟ್ಟಲು ತುಂಬುತ್ತದೆ, ಬೆಂದ ಮೇಲೆ ಇಷ್ಟೇ ಇಷ್ಟು ಆಗುತ್ತದೆ. ಸುಮ್ನೆ ಕಣ್ಣಂದಾಜಿನಲ್ಲಿ ನಡೆದರೆ ಎಲ್ಲಿ ತಪ್ಪುತ್ತೇವೆ ಎಂಬುದು ಆಗ ಗೊತ್ತಾಗುತ್ತದೆ.

ಹಂತ 2: ತಪ್ಪು ತಿಳಿವಳಿಕೆ ಬಿಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಏನೂ ಗೊತ್ತಿಲ್ಲದವರು ಕೇಳಿಯಾದರೂ ತಿಳಿದುಕೊಳ್ಳುತ್ತಾರೆ. ತಪ್ಪಾಗಿ ತಿಳಿದವರು ಕೇಳುವುದೇ ಇಲ್ಲ.

ಆಲೂಗಡ್ಡೆ ಈ 400 ಗ್ರಾಂ ಲೆಕ್ಕಕ್ಕೆ ಬರುವುದಿಲ್ಲ. ಗೆಣಸು, ಮರಗೆಣಸು ಕೂಡ ಅಷ್ಟೇ. ಅವುಗಳಲ್ಲಿ ಪಿಷ್ಟ ಜಾಸ್ತಿ. ಹಾಗಂತ ಅವನ್ನು ತಿನ್ನಬಾರದು ಎಂದಲ್ಲ, ತರಕಾರಿ ಪಾಲಿನ ಬದಲಿಗೆ ಎಣಿಸಬಾರದು ಅಷ್ಟೇ. ಹಣ್ಣಿನ ರಸ ಎಷ್ಟು ಲೋಟ ಕುಡಿದರೂ, ಬ್ರಿಟನ್ನಿನ ಸರ್ಕಾರಿ ಸಲಹೆಯಂತೆ, ದಿನಕ್ಕೆ 150 ಮಿಲಿಲೀಟರ್ ಮಾತ್ರ ಒಂದು ಪಾಲು. ಹಿಂಡಿದಾಗ ಹಣ್ಣಿನೊಳಗಿನ ಸಕ್ಕರೆ ಬಿಡುಗಡೆಯಾಗುತ್ತದೆ, ನಾರಿನಂಶ ಬಹುಪಾಲು ಹೋಗುತ್ತದೆ.

ಇನ್ನೊಂದು ನಂಬಿಕೆ, ತಾಜಾ ಇದ್ದರೆ ಮಾತ್ರ ಪ್ರಯೋಜನ ಎಂಬುದು. ಇದು ಎಷ್ಟೋ ಜನರನ್ನು ತರಕಾರಿಯಿಂದಲೇ ದೂರ ಇಡುತ್ತದೆ. ಫ್ರೋಜನ್ ಬಟಾಣಿಯೂ ಲೆಕ್ಕಕ್ಕೆ ಬರುತ್ತದೆ, ಉಪ್ಪು ಸೇರಿಸದ ಡಬ್ಬಿ ತರಕಾರಿಯೂ ಬರುತ್ತದೆ. ವಾರಕ್ಕೊಮ್ಮೆ ಮಾತ್ರ ಖರೀದಿಗೆ ಹೋಗಲು ಸಾಧ್ಯವಾಗುವವರಿಗೆ ಇದೊಂದು ವಿಷಯ ಗೊತ್ತಿದ್ದರೆ ಎಷ್ಟೋ ಅನುಕೂಲ.

ಹಂತ 3: ನಿಮ್ಮ ಒಂದು ದಿನ ಬರೆಯಿರಿ

ಬೆಳಗಿನಿಂದ ರಾತ್ರಿವರೆಗೆ ತಿಂದದ್ದನ್ನೆಲ್ಲ ಬರೆದು, ಪಾಲು ಎಣಿಸಿ. ಯಾವ ಹೊತ್ತಿನ ಊಟದಲ್ಲಿ ಒಂದೂ ಇಲ್ಲವೋ ಅಲ್ಲಿಂದಲೇ ಶುರು ಮಾಡಿ.

ಹಂತ 4: ಹೊತ್ತು ಗೊತ್ತು ಮಾಡಿ

"ಇನ್ನು ಮೇಲೆ ಜಾಸ್ತಿ ತರಕಾರಿ ತಿನ್ನುತ್ತೇನೆ" ಎಂಬ ನಿರ್ಧಾರ ಬೇಗ ಕರಗುತ್ತದೆ. "ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಒಂದು ಹಣ್ಣು ತಿನ್ನುತ್ತೇನೆ" ಎನ್ನುವುದು ಹೆಚ್ಚು ನಿಲ್ಲುತ್ತದೆ. ಯಾವಾಗ, ಎಲ್ಲಿ, ಏನು ಎಂದು ಮೊದಲೇ ಗೊತ್ತು ಮಾಡಿಕೊಂಡವರು ಗುರಿ ಮುಟ್ಟುವುದು ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ. ಹಣ್ಣು, ತರಕಾರಿ ಹೆಚ್ಚುವುದಕ್ಕೆ ಬೇಸರವಾದರೆ, ಸಮಯವಿದ್ದಾಗ ಹೆಚ್ಚಿ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಎದುರಿಗೇ ಕಾಣುವಂತೆ ಇಡಿ. ತೆಗೆದ ಕೂಡಲೇ ತಿನ್ನುವಂತಿರಬೇಕು.

ಹಂತ 5: ಎರಡು ಮೂರು ಅಡುಗೆ ಕಲಿಯಿರಿ

ಸಿ ಜೀವಸತ್ವ ನೀರಿನಲ್ಲಿ ಕರಗುತ್ತದೆ. ಹಾಗಾಗಿ ತುಂಬಾ ನೀರಿನಲ್ಲಿ ಕುದಿಸಿ ಬಸಿದು ಚೆಲ್ಲುವುದಕ್ಕಿಂತ ಹಬೆಯಲ್ಲಿ ಬೇಯಿಸುವುದು ಮೇಲು. ಕ್ಯಾರೆಟ್, ಟೊಮೆಟೊ, ಹಸಿರು ಸೊಪ್ಪಿನಲ್ಲಿರುವ ಬಣ್ಣದ ಅಂಶಗಳಾದ ಕ್ಯಾರೊಟಿನಾಯ್ಡ್‌ಗಳು ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ಈ ಎರಡು ಸಂಗತಿ ಗೊತ್ತಿದ್ದರೆ ಅಡುಗೆಯೂ ರುಚಿಯಾಗುತ್ತದೆ, ಏಕೆಂದರೆ ನೀರಲ್ಲಿ ಬೆಂದು ಮೆತ್ತಗಾದ ತರಕಾರಿಯನ್ನು ಇಷ್ಟಪಟ್ಟು ತಿನ್ನುವವರು ಕಡಿಮೆ.

ಮೂತ್ರಪಿಂಡದ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದರೆ, ಪಾಲು ಹೆಚ್ಚಿಸುವ ಮೊದಲು ಅವರನ್ನು ಕೇಳಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಹಸಿರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಒಮ್ಮೆಲೇ ನಿಲ್ಲಿಸಲೂಬಾರದು. ಅದರಲ್ಲಿರುವ ಕೆ ಜೀವಸತ್ವದಿಂದ ಮಾತ್ರೆಯ ಪರಿಣಾಮ ಏರುಪೇರಾಗುತ್ತದೆ.