ಬೆಟ್ಟ ಇಳಿಯಲು ತೊಡೆ ಪಳಗಿಸುವುದು ಹೇಗೆ

ನಮ್ಮ ಹೋಮ್‌ಸ್ಟೇ ಇರುವುದು ಕೊಡಗಿನ ಕಕ್ಕಬ್ಬೆಯ ಹತ್ತಿರ. ಮಹಡಿಯಲ್ಲಿ ಮೂರು ಕೋಣೆ, ಕೆಳಗೆ ಒಂದು. ಹಿಂದಿನ ದಿನ ತಡಿಯಂಡಮೋಳ್‌ಗೆ ಹೋಗಿ ಬಂದವರು ಯಾರು ಅಂತ ನಾನು ಕೇಳುವುದೇ ಬೇಡ. ಕಂಬಿ ಹಿಡಿದು, ಹಿಂದೆ ಮುಂದಾಗಿ, ಒಂದೊಂದೇ ಮೆಟ್ಟಿಲು ಇಳಿದು ತಿಂಡಿಗೆ ಬರುತ್ತಾರೆ. "ಆಂಟಿ, ಹತ್ತುವಾಗ ಚೆನ್ನಾಗಿಯೇ ಇದ್ದೆ" ಅನ್ನುತ್ತಾರೆ. ಹೌದು, ಹತ್ತುವಾಗ ಚೆನ್ನಾಗಿಯೇ ಇರುತ್ತಾರೆ. ತೊಡೆ ಕೆಡುವುದು ಇಳಿಯುವಾಗ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಇಲ್ಲಿಗೆ ಬರುವವರು ತಿಂಗಳುಗಟ್ಟಲೆ ಟ್ರೆಡ್‌ಮಿಲ್ ಮೇಲೆ ಓಡಿ ಉಸಿರು ಪಳಗಿಸಿಕೊಂಡು ಬರುತ್ತಾರೆ. ಇಳಿಯುವ ಅಭ್ಯಾಸ ಮಾಡಿ ಬಂದವರನ್ನು ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇಬ್ಬರನ್ನೇ.

ಹೋಮ್‌ಸ್ಟೇ ಶುರು ಮಾಡುವ ಮೊದಲು ನಾನು ಪಿಟಿ ಟೀಚರ್ ಆಗಿದ್ದೆ. ಓದುತ್ತಿದ್ದಾಗ ಗೆಳತಿಯರ ಜೊತೆ ಪಂತ ಕಟ್ಟಿ ಒಂದು ಗುಡ್ಡವನ್ನು ಓಡಿಕೊಂಡೇ ಇಳಿದಿದ್ದೆ. ಪಂತ ಗೆದ್ದೆ. ಆಮೇಲೆ ಮೂರು ದಿನ ಪಾಯಿಖಾನೆಯಲ್ಲಿ ಕೂರಲಾಗದೆ ಅತ್ತಿದ್ದೇನೆ. ಆಗ ನಮ್ಮ ಲೆಕ್ಚರರ್ ಬೋರ್ಡಿನ ಮೇಲೆ ಎರಡು ಸೈಕಲ್ ಬರೆದು ಒಂದು ಪ್ರಯೋಗದ ಕತೆ ಹೇಳಿದರು. ಅದು ಇವತ್ತಿಗೂ ಮರೆತಿಲ್ಲ.

1952ರ ಸುಮಾರಿಗೆ ಲಂಡನ್ನಿನಲ್ಲಿ ಆಬಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರು ಸಂಶೋಧಕರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ತಿರುಗಿ ಬರುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೆ ತುಳಿಯುವವರಿಗೆ ಏದುಸಿರು, ತಡೆಯುವವರು ಆರಾಮ! ತಡೆಯುವವರಿಗೆ ಬೇಕಾದ ಆಮ್ಲಜನಕ ಎಷ್ಟೋ ಪಟ್ಟು ಕಡಿಮೆ. ಸಣ್ಣ ಮೈಯ ಹೆಂಗಸು ದೊಡ್ಡ ಆಳನ್ನು ಸುಲಭವಾಗಿ ಸುಸ್ತು ಮಾಡಿಬಿಡಬಹುದಿತ್ತು.

ಇಳಿಜಾರಿನಲ್ಲಿ ನಮ್ಮ ತೊಡೆ ಮಾಡುವುದೂ ಈ ತಡೆಯುವ ಕೆಲಸವನ್ನೇ. ಮಂಡಿ ಮಡಚುತ್ತಿರುವಾಗ ತೊಡೆಯ ಮುಂದಿನ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಇದಕ್ಕೆ ದುಡಿಯುವುದು ಸ್ನಾಯುವಿನ ಕೆಲವೇ ಎಳೆಗಳು. ಖರ್ಚು ಕಡಿಮೆ, ಆದರೆ ಒಂದೊಂದು ಎಳೆಯ ಮೇಲೂ ಭಾರ ಜಾಸ್ತಿ. ಅಭ್ಯಾಸವಿಲ್ಲದ ಎಳೆಗಳು ಅಲ್ಲಲ್ಲಿ ಕೆಡುತ್ತವೆ. ಏದುಸಿರು ಇಲ್ಲದ ಕಾರಣ ಆಗ ನಮಗೆ ಗೊತ್ತೇ ಆಗುವುದಿಲ್ಲ. ನೋವು ಮರುದಿನ ಶುರುವಾಗಿ ಎರಡನೇ, ಮೂರನೇ ದಿನ ಏರುತ್ತದೆ. ಲ್ಯಾಕ್ಟಿಕ್ ಆಮ್ಲದಿಂದ ಹೀಗಾಗುತ್ತದೆ ಅಂತ ಈಗಲೂ ಜನ ಹೇಳುತ್ತಾರೆ. ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿಬಿಟ್ಟಿರುತ್ತದೆ, ಮೂರನೇ ದಿನದ ನೋವಿಗೆ ಅದನ್ನು ಬೈದು ಏನು ಪ್ರಯೋಜನ?

ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ಕೆಟ್ಟು ಸರಿಯಾದ ಸ್ನಾಯು ಮುಂದಿನ ಸಲ ಅಷ್ಟು ಕೆಡುವುದಿಲ್ಲ. ಮೊದಲ ಸಲದ್ದು ಚಿಕ್ಕ ಅಭ್ಯಾಸವಾದರೂ ಸಾಕು, ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಕಾಫಿ ಕೊಯ್ಲಿನಲ್ಲಿ ನಮ್ಮ ತೋಟದ ಅಜ್ಜಿಯೊಬ್ಬರು ಹಣ್ಣಿನ ಚೀಲ ತಲೆಯ ಮೇಲಿಟ್ಟು ದಿನಕ್ಕೆ ಎಷ್ಟು ಸಲ ಕಡಿದಾದ ಬರೆ ಇಳಿಯುತ್ತಾರೋ ಲೆಕ್ಕವಿಲ್ಲ. ತೊಡೆನೋವು ಅಂದರೆ ನಗುತ್ತಾರೆ.

ಹಾಗಾದರೆ ಮಾಡುವುದು ಹೇಗೆ? ಬೆಟ್ಟಕ್ಕೆ ಬರುವ ಐದು ವಾರ ಮೊದಲು ಶುರು ಮಾಡಿ.

ಮೊದಲು ಒಂದು ಇಳಿಜಾರು ಹುಡುಕಿ. ಕೊಡಗಿನವರಿಗೆ ಇದು ಹೇಳಬೇಕಾದ ಮಾತಲ್ಲ, ಮನೆಯಿಂದ ಹೊರಬಿದ್ದರೆ ಇಳಿಜಾರೇ. ಆದರೆ ಎಷ್ಟು ಇಳಿಜಾರು ಅನ್ನುವುದು ಮುಖ್ಯ. ಶೇಕಡಾ 10ರ ಸುಮಾರಿನ ಇಳಿಜಾರಿನಲ್ಲಿ ನಡೆಯುವುದಕ್ಕೆ ಸಮತಟ್ಟಿಗಿಂತಲೂ ಕಡಿಮೆ ಶಕ್ತಿ ಸಾಕು ಅಂತ ಇಟಲಿಯ ಸಂಶೋಧಕ ಮಾರ್ಗಾರಿಯಾ 1938ರಲ್ಲೇ ಅಳೆದು ತೋರಿಸಿದ್ದರು. ನಮಗೆ ಅದಕ್ಕಿಂತ ಕಡಿದಾದದ್ದು ಬೇಕು, 15ರಿಂದ 20. ಅಳೆಯಲು ಒಂದು ಮೀಟರ್ ಉದ್ದದ ನೇರ ಕೋಲು ತಗೊಳ್ಳಿ. ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದನ್ನು ಇಳಿಜಾರಿನ ಕಡೆಗೆ ಚಾಚಿ ಹಿಡಿಯಿರಿ. ಗಾರೆ ಕೆಲಸದವರ ರಸಮಟ್ಟ ಇಟ್ಟು ಕೋಲು ಸಮ ಇದೆಯಾ ನೋಡಿ. ಆ ತುದಿಯಿಂದ ನೆಲಕ್ಕೆ 15 ಸೆಂಟಿಮೀಟರ್ ಇದ್ದರೆ ಇಳಿಜಾರು ಶೇಕಡಾ 15.

ಮೊದಲ ವಾರ ಒಂದೇ ದಿನ, ಹತ್ತೇ ನಿಮಿಷ ಇಳಿಯಿರಿ. "ಇಷ್ಟೇನಾ?" ಅನ್ನಿಸುತ್ತದೆ. ಇಷ್ಟೇ. ಜಾಸ್ತಿ ಮಾಡಿದರೆ ನನ್ನ ಪಾಯಿಖಾನೆಯ ಕತೆ ನೆನಪಿರಲಿ. ಎರಡನೇ ವಾರ ಎರಡು ದಿನ, ಹದಿನೈದು ನಿಮಿಷ. ಮೂರನೇ ವಾರ ಎರಡು ದಿನ, ಇಪ್ಪತ್ತೈದು ನಿಮಿಷ. ನಾಲ್ಕನೇ ವಾರ ಅರ್ಧ ಗಂಟೆ, ಬೆನ್ನಿಗೆ ನಾಲ್ಕೈದು ಕಿಲೋ ಚೀಲ. ಎರಡು ಅಭ್ಯಾಸಗಳ ನಡುವೆ ಮೂರು ದಿನವಾದರೂ ಬಿಡುವಿರಲಿ. ಕೊನೆಯ ವಾರ ಸುಮ್ನೆ ಸಮತಟ್ಟಿನಲ್ಲಿ ಓಡಾಡಿಕೊಂಡಿರಿ. ಇಳಿಯುವ ಅಭ್ಯಾಸದ ದಿನ ಮೇಲಕ್ಕೆ ಯಾರಾದರೂ ಜೀಪಿನಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು, ನಾಚಿಕೆ ಪಡಬೇಕಾಗಿಲ್ಲ.

ಬೆಂಗಳೂರಿನ ಫ್ಲಾಟಿನವರು ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ತಮಾಷೆಗೆ ಹೇಳುತ್ತಿಲ್ಲ. ತೈವಾನಿನಲ್ಲಿ 60 ದಾಟಿದ, ಮೈ ತೂಕ ಜಾಸ್ತಿ ಇದ್ದ 30 ಹೆಂಗಸರನ್ನು ಎರಡು ಗುಂಪು ಮಾಡಿ, ವಾರಕ್ಕೆ ಎರಡು ಸಲದಂತೆ 12 ವಾರ, ಒಂದು ಗುಂಪನ್ನು ಮೆಟ್ಟಿಲು ಹತ್ತಿಸಿದರು, ಇನ್ನೊಂದನ್ನು ಇಳಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಾಲಿನ ಬಲ, ರಕ್ತದ ಸಕ್ಕರೆಯ ಹತೋಟಿ, ಮೂಳೆಯ ಗಟ್ಟಿತನ ಎಲ್ಲದರಲ್ಲೂ ಇಳಿದವರೇ ಮುಂದೆ. ಇದನ್ನು ಓದಿದ ಮೇಲೆ ನಮ್ಮ ಅತ್ತೆಯವರನ್ನೂ ದಿನಾ ಕಣದವರೆಗೆ ನಡೆಸಿಕೊಂಡು ಇಳಿಯುತ್ತೇನೆ. ಕೈಗೆ ಕೋಲು ಕೊಟ್ಟೇ. ವಯಸ್ಸಾದವರಿಗೆ ನೋವಿಗಿಂತ ಬೀಳುವುದೇ ದೊಡ್ಡ ಭಯ.

ಮಳೆಗಾಲದಲ್ಲಿ ಹೊರಗೆ ಜಿಗಣೆ, ಜಾರಿಕೆ. ಆಗ ಕುರ್ಚಿ ಸಾಕು. ಐದು ಎಣಿಸುತ್ತಾ ನಿಧಾನಕ್ಕೆ ಕುಳಿತುಕೊಳ್ಳಿ, ಏಳುವಾಗ ಕೈ ಊರಿದರೂ ಪರವಾಗಿಲ್ಲ. ಹತ್ತು ಸಲ. ಕೊನೆಯಲ್ಲಿ ದೊಪ್ಪನೆ ಬಿದ್ದರೆ ಅದು ಲೆಕ್ಕಕ್ಕಿಲ್ಲ.

ಬೆಟ್ಟದ ದಿನ ಕಾಲಿನ ಉಗುರು ಕತ್ತರಿಸಿಕೊಂಡು ಹೋಗಿ. ಇಲ್ಲದಿದ್ದರೆ ಹೆಬ್ಬೆರಳು ಶೂಗೆ ಗುದ್ದಿ ಕಪ್ಪಾಗುತ್ತದೆ. ಇಳಿಯಲು ಶುರು ಮಾಡುವಾಗ ಲೇಸ್ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ. ಮಂಡಿ ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ತುದಿಯ ಹತ್ತಿರದ ಕಡಿದಾದ ಜಾಗದಲ್ಲಿ ಅಡ್ಡಡ್ಡವಾಗಿ ಇಳಿಯಿರಿ. ಬೆಟ್ಟದ ಬುಡದ ನಾಲ್ಕುನಾಡು ಅರಮನೆ ಹತ್ತಿರ ಬಂದಾಗ ಎಲ್ಲರಿಗೂ ಊಟದ ನೆನಪಾಗಿ ಓಡುತ್ತಾರೆ. ಓಡಬೇಡಿ, ಊಟ ಎಲ್ಲಿಗೂ ಹೋಗುವುದಿಲ್ಲ.

ಸ್ಟ್ರೆಚಿಂಗ್ ಮಾಡಿದರೆ ನೋವು ಬರುವುದಿಲ್ಲವಾ ಅಂತ ಕೇಳುತ್ತೀರಿ. ಇಪ್ಪತ್ತು ವರ್ಷ ಮಕ್ಕಳಿಂದ ಅದನ್ನೇ ಮಾಡಿಸಿದವಳು ನಾನು. ಆದರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಅದರಿಂದ ಕಡಿಮೆಯಾಗುವ ನೋವು ಇಲ್ಲವೆನ್ನುವಷ್ಟು ಸಣ್ಣದು. ನೋವು ಬಂದರೆ ಮೆಲ್ಲಗೆ ಓಡಾಡಿ, ಹಂಡೆಯ ಬಿಸಿನೀರು ಹಾಕಿಕೊಳ್ಳಿ, ಚೆನ್ನಾಗಿ ಊಟ ಮಾಡಿ. ನಾಲ್ಕೈದು ದಿನಕ್ಕೆ ಹೋಗುತ್ತದೆ. ಮಂಡಿ ಕೀಲು ಊದಿದರೆ ಅದು ಬೇರೆ ವಿಷಯ, ತೋರಿಸಿಕೊಳ್ಳಿ. ಮೂತ್ರ ಕರಿ ಕಾಫಿಯ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ತೀರಾ ಕೆಟ್ಟಾಗ ಹಾಗಾಗುತ್ತದೆ, ಕಿಡ್ನಿಗೆ ಅಪಾಯ. ಹೃದಯದ ತೊಂದರೆ, ಹಳೆಯ ಮಂಡಿನೋವು ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಇದೆಲ್ಲ ಮಾಡಲು ಪುರುಸೊತ್ತಿಲ್ಲ ಅನ್ನುವವರು ಬುಕ್ ಮಾಡುವಾಗಲೇ ಹೇಳಿಬಿಡಿ. ಕೆಳಗೆ ಇರುವುದು ಒಂದೇ ಕೋಣೆ.